ಒಣ ಸೂಜಿ

ಮುಖ ಇಡುವುದಕ್ಕೆಂದೇ ಮಂಚದ ತಲೆಗಡೆಯಲ್ಲಿ ಕೊರೆದಿದ್ದ ತೂತಿನೊಳಗೆ ಮುಖವಿಟ್ಟು ಬೋರಲು ಮಲಗಿದಾಗ ಮೀನಾಕ್ಷಮ್ಮನಿಗೆ ಕಂಡದ್ದು ಎರಡೇ ವಸ್ತು. ನೆಲಕ್ಕೆ ಅಂಟಿಕೊಂಡಿದ್ದ ಯಾರದೋ ಮೆರೂನ್ ಬಣ್ಣದ ಬಿಂದಿ, ಅದರ ಪಕ್ಕದಲ್ಲಿ ಅತ್ತಿತ್ತ ಓಡಾಡುತ್ತಿದ್ದ ಫಿಸಿಯೋಥೆರಪಿಸ್ಟ್ ದೀಪಶ್ರೀಯ ಬಿಳಿಯ ಬೂಟುಗಳು. ಮೂವತ್ತೊಂದು ವರ್ಷ ಸರ್ಕಾರಿ ಆರೋಗ್ಯ ಸಹಾಯಕಿಯಾಗಿ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಕೂಸುಗಳಿಗೆ, ಬಸುರಿಯರಿಗೆ, ಮುದುಕರಿಗೆ ಸೂಜಿ ಚುಚ್ಚಿ, "ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ ಅಷ್ಟೆ" ಎಂದು ಹೇಳುತ್ತ ಬಂದವಳು ತನಗೇ ಸೂಜಿಯೆಂದರೆ ಹೆದರಿಕೆ ಎಂದು ಯಾರ ಹತ್ತಿರ ಹೇಳಿಕೊಳ್ಳುವುದು? ಬಲಗೈ ಭುಜದ ಮೇಲಕ್ಕೆ ಏಳದೆ ಮೂರು ತಿಂಗಳಾಗಿತ್ತು. ಜಡೆ ಹೆಣೆಯುವುದಕ್ಕಾಗದೆ ಗಂಡ ಯೋಗರಾಜನ ಹತ್ತಿರ ಹೆಣೆಸಿಕೊಳ್ಳುತ್ತಿದ್ದಳು. ಅವನು ಸಾಗರದ ಬಸ್‌ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್, ಲ್ಯಾಮಿನೇಷನ್ ಅಂಗಡಿ ಇಟ್ಟವನಾದ್ದರಿಂದ ಕೂದಲನ್ನೂ ಕಾಗದದ ಹಾಗೆ ಅಂಚು ಸೇರಿಸಿ, ಬಡಿದು, ಸಮ ಮಾಡಿ ಹೆಣೆಯುತ್ತಿದ್ದ. ಈ ಕ್ಲಿನಿಕ್ಕಿನ ಸುದ್ದಿ ತಂದವನೂ ಅವನೇ. "ಹೊಸ ಹುಡುಗಿ ಬಂದಿದಾಳೆ, ಅವಳ ಸರ್ಟಿಫಿಕೇಟು ಲ್ಯಾಮಿನೇಟ್ ಮಾಡಿದ್ದು ನಾನೇ. ಡ್ರೈ ನೀಡ್ಲಿಂಗ್ ಅಂತ ಇತ್ತು. ನಾನು ಹೊಲಿಗೆ ಕ್ಲಾಸು ಅಂದ್ಕೊಂಡೆ," ಎಂದಿದ್ದ.

"ಹೆದರ್ಕೋಬೇಡಿ ಆಂಟಿ," ಎಂದು ಬೂಟುಗಳು ಹತ್ತಿರ ಬಂದವು. "ಇದು ಇಂಜೆಕ್ಷನ್ ಅಲ್ಲ. ಸೂಜಿ ಒಳಗೆ ಏನೂ ಇರಲ್ಲ. ಮದ್ದೂ ಇಲ್ಲ, ಗಿದ್ದೂ ಇಲ್ಲ. ಅದಕ್ಕೇ ಡ್ರೈ ಅನ್ನೋದು. ಮಾಂಸಖಂಡದಲ್ಲಿ ಗಂಟು ಕಟ್ಕೊಂಡಿರುತ್ತಲ್ಲ, ಸೀದಾ ಅದಕ್ಕೇ ಚುಚ್ಚೋದು. ಗಂಟು ಒಂದ್ಸಲ ಎಗರುತ್ತೆ, ಆಮೇಲೆ ಬಿಟ್ಕೊಳ್ಳುತ್ತೆ."

ಏನೂ ಇರಲ್ಲ ಎಂಬ ಮಾತಿಗೆ ಮೀನಾಕ್ಷಮ್ಮನ ಕಿವಿ ಬಿಸಿಯಾಯಿತು. ಈ ಹುಡುಗಿಗೆ ಗೊತ್ತಾಗಿದೆಯೆ? ಗೊತ್ತಿದ್ದೇ ನನ್ನನ್ನು ಬೋರಲು ಮಲಗಿಸಿ, ಓಡದ ಹಾಗೆ ತೂತಿನಲ್ಲಿ ಮುಖ ಸಿಕ್ಕಿಸಿ ಹೇಳುತ್ತಿದ್ದಾಳೆಯೆ? ಅಷ್ಟರಲ್ಲಿ ಹೆಗಲಿನ ಹಿಂದೆ ಎಲ್ಲೋ ಚುಳ್ಳೆಂದಿತು. ಇರುವೆ ಕಚ್ಚಿದ ಹಾಗೇನೂ ಇರಲಿಲ್ಲ, ಹಾಗಿರುತ್ತದೆ ಎಂದು ಮೂವತ್ತೊಂದು ವರ್ಷ ಎಷ್ಟು ಜನರಿಗೆ ಸುಳ್ಳು ಹೇಳಿದೆನಲ್ಲ ಎಂದುಕೊಳ್ಳುವಾಗಲೇ ಭುಜದ ಆಳದಲ್ಲಿ ಅವಳ ಅಪ್ಪಣೆ ಕೇಳದೆ ಏನೋ ಎಗರಿತು. ಬಲೆಗೆ ಬಿದ್ದ ಮೀನು ಒಂದು ಸಲ ಬಾಲ ಬಡಿದ ಹಾಗೆ. "ಸಿಕ್ತು!" ಎಂದಳು ದೀಪಶ್ರೀ ಸಂತೋಷದಿಂದ. ಇನ್ನೊಂದು ಚುಚ್ಚಿದಳು. ಅದೂ ಎಗರಿತು. ತನ್ನ ಮೈಯೊಳಗೆ ತನಗೆ ತಿಳಿಯದ ಹಾಗೆ ಇಷ್ಟೊಂದು ಪ್ರಾಣಿಗಳು ಮಲಗಿದ್ದವೆ ಎಂದು ಮೀನಾಕ್ಷಮ್ಮನಿಗೆ ನಾಚಿಕೆಯಾಯಿತು.

"ಆಂಟಿ, ಕೈನ ಒಂದೇ ಎತ್ತರಕ್ಕೆ ಎತ್ತಿ ಹಿಡ್ಕೊಂಡಿರೋ ಕೆಲಸ ಏನಾದ್ರೂ ಮಾಡ್ತೀರಾ? ದಿನಾ? ಗೋಡೆಗೆ ಬಣ್ಣ ಹೊಡೆಯೋರಿಗೆ ಹೀಗಾಗುತ್ತೆ."

"ಇಲ್ಲಪ್ಪ," ಎಂದಳು ಮೀನಾಕ್ಷಮ್ಮ ತೂತಿನೊಳಗಿಂದ. "ಅಂಥದ್ದೇನಿಲ್ಲ."

ಪ್ರತಿ ಗುರುವಾರ ಲಸಿಕೆಯ ದಿನ ಅವಳು ಒಂದೊಂದು ಸಿರಿಂಜನ್ನೂ ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯುತ್ತಿದ್ದಳು. ಮದ್ದು ಇದೆಯೇ ಎಂದು ಒಮ್ಮೆ. ಇದ್ದದ್ದು ಹೌದೇ ಎಂದು ಇನ್ನೊಮ್ಮೆ. ಕೂಸಿನ ತೊಡೆಯ ಹತ್ತಿರ ತಂದವಳು ನಡುವೆ ಸೋರಿಹೋಗಿದ್ದರೆ ಎಂದು ಮತ್ತೆ ಎತ್ತುವಳು. ತಾಯಂದಿರು ಇದನ್ನು ಯಾವುದೋ ಶಾಸ್ತ್ರವೆಂದುಕೊಂಡಿದ್ದರು; ಒಬ್ಬಳು ಕೈಮುಗಿದದ್ದೂ ಉಂಟು. ನಾಲ್ಕು ವರ್ಷಗಳಿಂದ ಹೀಗೆ. ನಾಲ್ಕು ವರ್ಷದ ಹಿಂದೆ ಅವಳು ಕೋಣಂದೂರಿನ ಕಡೆ ಇದ್ದಳು, ಮತ್ತು ಹಾಲುಗುಡ್ಡೆ ಎಂಬ ಐವತ್ತು ಮನೆಯ ಊರಿನ ಭಜನಾ ಮಂದಿರದ ಜಗಲಿಯಲ್ಲಿ ಕೊರೋನಾ ಲಸಿಕೆ ಹಾಕುತ್ತಿದ್ದಳು. ಸಾಲು ರಸ್ತೆಯವರೆಗೆ ಇತ್ತು. ಹಿಂದಿನ ವಾರದವರೆಗೂ ಸೂಜಿಯೆಂದರೆ ತೋಟದ ಮೂಲೆಗೆ ಓಡುತ್ತಿದ್ದವರು ಆವತ್ತು ಸತ್ತವರ ಸುದ್ದಿ ಕೇಳಿ ಕೇಳಿ ಒಟ್ಟಿಗೇ ಬಂದುಬಿಟ್ಟಿದ್ದರು. ಮೊದಲೇ ತುಂಬಿಡಬಾರದು ಎಂಬ ನಿಯಮವಿದ್ದರೂ ಕೈ ಸಾಗಲೆಂದು ಅವಳು ಜನ ಎಷ್ಟಿದ್ದಾರೋ ಅಷ್ಟೇ ಸಿರಿಂಜುಗಳನ್ನು ಹತ್ತು ಹತ್ತಾಗಿ ತುಂಬಿ ಟ್ರೇನಲ್ಲಿಡುತ್ತ ಹೋದಳು. ಸಂಜೆ ಕೊನೆಯವನು ಎದ್ದುಹೋದಾಗ ಪಟ್ಟಿಯ ನೂರ ನಲವತ್ತಮೂರು ಹೆಸರಿನ ಮುಂದೆಯೂ ಗುರುತು ಬಿದ್ದಿತ್ತು. ಟ್ರೇನಲ್ಲಿ ಒಂದು ಸಿರಿಂಜು ಉಳಿದಿತ್ತು. ತುಂಬಿದ್ದು. ಅಂದರೆ ಯಾರಿಗೋ ತುಂಬದೇ ಇದ್ದದ್ದನ್ನು ಚುಚ್ಚಿದ್ದಾಳೆ. ಆಶಾ ಕಾರ್ಯಕರ್ತೆ ಸ್ವಪ್ನಾ ಪಟ್ಟಿ ಮಡಚಿಡುವಾಗ ಅವಳು ಜಗಲಿಯ ಹಿಂದಕ್ಕೆ ಹೋಗಿ, ಆ ಮದ್ದನ್ನು ಕೆಸುವಿನ ಬುಡಕ್ಕೆ ಒತ್ತಿ, ಖಾಲಿ ಸಿರಿಂಜನ್ನು ಉಳಿದವುಗಳ ಜೊತೆ ಡಬ್ಬಕ್ಕೆ ಹಾಕಿದಳು. ಕೈ ತೊಳೆದುಕೊಂಡು ಬಂದು ಚಹಾ ಕುಡಿದಳು. ಚಹಾ ಚೆನ್ನಾಗಿತ್ತು. ಚಹಾ ಚೆನ್ನಾಗಿತ್ತೆಂಬುದನ್ನು ಈಗಲೂ ಮರೆಯಲಾಗುತ್ತಿಲ್ಲ.

ಯಾರಿಗೆ ಎಂಬುದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ. ಬೆಳ್ಳಪ್ಪ. ಹಂಚಿನ ಮಾಡು ಹೊದೆಸುವ ಬೆಳ್ಳಪ್ಪ, ಅರವತ್ತು ದಾಟಿದವನು, ಬಲಮಂಡಿ ಹಿಡಿದುಕೊಂಡು ಕೋಲೂರಿಕೊಂಡು ಬಂದು ಸ್ಟೂಲಿನ ಮೇಲೆ ಕೂತು ತೋಳು ಬಿಚ್ಚಿದವನು, "ಸಿಸ್ಟ್ರೇ, ಎರಡು ತಿಂಗ್ಳಾಯ್ತು ಒಬ್ರೂ ನನ್ ಮೈ ಮುಟ್ಟಿಲ್ಲ. ಹೆಂಡ್ತಿ ಒಬ್ಳು ಮುಟ್ತಾಳೆ, ಅದೂ ಸೌಟಲ್ಲಿ," ಎಂದಿದ್ದ. ಎರಡು ಮಾಸ್ಕಿನ ಹಿಂದೆ ಮೀನಾಕ್ಷಮ್ಮ ಗೊಳ್ಳೆಂದು ನಕ್ಕುಬಿಟ್ಟಿದ್ದಳು. ಹಾಗೆ ಕೈ ತಪ್ಪಿದ್ದು.

"ನಾನೂ ಒಂದ್ಸಲ ಏನೂ ಇಲ್ಲದ ಸೂಜಿ ಚುಚ್ಚಿದ್ದೆ," ಎಂದು ತೂತಿನೊಳಗಿಂದ ಒಂದು ದನಿ ಕೇಳಿತು. ಅದು ತನ್ನದೇ ದನಿಯೆಂದು ತಿಳಿಯುವಷ್ಟರಲ್ಲಿ ತಡವಾಗಿತ್ತು.

"ಹೌದಾ ಆಂಟಿ!" ಬೂಟುಗಳು ಕುಣಿದವು. "ನೀವೂ ಕೋರ್ಸ್ ಮಾಡಿದೀರಾ? ಎಲ್ಲಿ, ಮಂಗಳೂರಾ?"

"ಇಲ್ಲ. ಹಾಲುಗುಡ್ಡೆಯಲ್ಲಿ."

"ಅಲ್ಲೂ ಶುರುವಾಗಿದ್ಯಾ! ಪೇಶೆಂಟಿಗೆ ಗುಣ ಆಯ್ತಾ?"

ಮೀನಾಕ್ಷಮ್ಮ ಬಿಂದಿಯನ್ನೇ ನೋಡುತ್ತ, "ಆಯ್ತು," ಎಂದಳು. ಅದೇ ಕಷ್ಟವಾಗಿದ್ದದ್ದು. ಬೆಳ್ಳಪ್ಪ ಸತ್ತಿದ್ದರೆ, ಕೊನೆಗೆ ಕೆಮ್ಮಿಕೊಂಡು ಆಸ್ಪತ್ರೆಗಾದರೂ ಸೇರಿದ್ದರೆ, ಅವಳ ತಪ್ಪಿಗೊಂದು ಆಕಾರವಿರುತ್ತಿತ್ತು. ಅವನು ಗುಣವಾಗಿಬಿಟ್ಟಿದ್ದ. ಲಸಿಕೆ ಹಾಕಿಸಿಕೊಂಡ ನಾಲ್ಕನೆಯ ದಿನ ಬೆಳ್ಳಪ್ಪನ ಮಂಡಿನೋವು ಮಾಯವಾಗಿ, ಅವನು ಕೋಲನ್ನು ಹುರುಳಿಕಾಯಿ ಬಳ್ಳಿಗೆ ಆಸರೆ ಕೊಟ್ಟು, ಏಣಿ ಹತ್ತಿ ಮತ್ತೆ ಮಾಡಿನ ಕೆಲಸ ಹಿಡಿದಿದ್ದಾನೆಂದು ಸ್ವಪ್ನಾ ಫೋನಿನಲ್ಲಿ ಹೇಳಿದ್ದಳು. "ಮೀನಾಕ್ಷಿ ಸಿಸ್ಟ್ರ ಕೈಗುಣ ಅಂತ ಊರೆಲ್ಲ ಹೇಳ್ಕಂಡು ತಿರುಗ್ತಿದಾನೆ ಸಿಸ್ಟರ್. ಎರಡ್ನೇ ಡೋಸು ಬೇರೆಯೋರು ಹಾಕಿದ್ರಲ್ಲ, ಅದು ಬರೀ ನೀರಂತೆ." ಹೋದ ವರ್ಷ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಅವಳು ಕಬ್ಬಿನಹಾಲು ಕುಡಿಯುತ್ತಿದ್ದಾಗ ಎಲ್ಲಿಂದಲೋ ಓಡಿಬಂದ ಬೆಳ್ಳಪ್ಪ, ಓಡಿಯೇ ಬಂದಿದ್ದ, ಎಲ್ಲರೆದುರಿಗೆ ಅವಳ ಕಾಲು ಮುಟ್ಟಿದ್ದ. ತನಗಿಂತ ದೊಡ್ಡವನು. ಕಬ್ಬಿನಹಾಲು ಮೂಗಿಗೆ ಹೋಗಿ ಅವಳು ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದಾಗ ಸುತ್ತ ನಿಂತವರು, ಪಾಪ, ಎಷ್ಟು ಮೃದು ಮನಸ್ಸು, ಅಂದಿದ್ದರು.

"ಮುಗೀತು ಆಂಟಿ. ಇವತ್ತು ಸ್ವಲ್ಪ ನೋಯುತ್ತೆ, ಬಿಸಿ ಶಾಖ ತಗೊಳ್ಳಿ. ಒಂದು ವಿಷಯ, ನೀವು ತೋರಿಸಿದ ಜಾಗದಲ್ಲಿ ಗಂಟೇ ಇರಲಿಲ್ಲ. ಎಷ್ಟೋ ಸಲ ನೋಯೋ ಜಾಗ ಒಂದು, ಗಂಟಿರೋ ಜಾಗ ಒಂದು. ನಮ್ಮ ಪೇಶೆಂಟ್‌ಗಳೆಲ್ಲ ತಪ್ಪು ಜಾಗಾನೇ ತೋರಿಸೋದು," ಎಂದಳು ದೀಪಶ್ರೀ. ಕನ್ನಡಿಯಲ್ಲಿ ಮೀನಾಕ್ಷಮ್ಮನ ಮುಖದ ಸುತ್ತ ತೂತಿನ ಅಂಚು ಒತ್ತಿ ದುಂಡಗಿನ ಕೆಂಪು ಗೆರೆ ಮೂಡಿತ್ತು. ಯಾರೋ ಮುಖಕ್ಕೆ ಸೊನ್ನೆ ಹಾಕಿ ಕಳಿಸಿದ ಹಾಗೆ.

ಮನೆಗೆ ಹೋಗಿ ಬಿಸಿನೀರಿನ ಚೀಲ ಇಟ್ಟುಕೊಳ್ಳಬೇಕಿದ್ದವಳು ಬಸ್‌ಸ್ಟ್ಯಾಂಡಿಗೆ ಬಂದು ಹೊಸನಗರದ ಬಸ್ಸು ಹತ್ತಿದ್ದು ಯಾಕೆಂದು ಅವಳಿಗೇ ಸ್ಪಷ್ಟವಿರಲಿಲ್ಲ. ಎದುರಿಗೇ ಯೋಗರಾಜನ ಅಂಗಡಿ. ಅವನು ಭಾನುವಾರವೂ ಯಾರದೋ ಆಧಾರ್ ಕಾರ್ಡನ್ನು ಮೆಷಿನ್ನಿಗೆ ಕೊಡುತ್ತಿದ್ದ. ಕಿಟಕಿಯಿಂದ ಅವನ ಬೋಳುತಲೆಯನ್ನು ನೋಡಿ, ಇವನಿಗೂ ಹೇಳಿಲ್ಲವಲ್ಲ ಎಂದುಕೊಂಡಳು. ಹೇಳಿದರೆ ಅವನು ಬೈಯುವುದಿಲ್ಲ. "ಆಯ್ತು ಬಿಡು," ಅನ್ನುತ್ತಾನೆ. ಆಯ್ತು ಬಿಡು ಅಂದರೆ ಆಯಿತೆ? ಇಲಾಖೆಗೆ ತಿಳಿದರೆ ವಿಚಾರಣೆ, ಕೆಲಸಕ್ಕೇ ಸಂಚಕಾರ, ಎರಡು ವರ್ಷ ಸರ್ವಿಸು ಬಾಕಿ. ಅದಲ್ಲ. ಅದೂ ಹೌದು, ಆದರೆ ಅದಲ್ಲ. ಯಾರದೋ ಮಂಡಿ ನನ್ನ ತಪ್ಪಿನ ಮೇಲೆ ನಿಂತು ಏಣಿ ಹತ್ತುತ್ತಿದೆ, ಅದು. ಬಸ್ಸಿನಲ್ಲಿ ಎಡಗೈಯಿಂದ ಕಂಬಿ ಹಿಡಿದು ಕೂತವಳನ್ನು ಮುಂದಿನ ಸೀಟಿನಿಂದ ತಾಯಿಯ ಹೆಗಲ ಮೇಲಿದ್ದ ಕೂಸೊಂದು ಹಿಂತಿರುಗಿ ನೋಡಿ, ಒಂದು ಕ್ಷಣ ಯೋಚಿಸಿ, ಕಿಟಾರನೆ ಕಿರುಚಿತು. ಆ ತಾಯಿ ತಿರುಗಿದವಳು, "ಓ ಸಿಸ್ಟರ್! ನೀವು ಬಣ್ಣದ ಸೀರೇಲಿ ಬಂದ್ರೂ ಗೊತ್ತಾಗುತ್ತೆ ಇವ್ನಿಗೆ," ಎಂದು ನಕ್ಕಳು. ಹೊಸನಗರ ಬರುವವರೆಗೂ ಕೂಸು ಅತ್ತಿತು. ಕಂಡಕ್ಟರು, "ಅಮ್ಮಾ, ನೀವು ಒಂಚೂರು ಹಿಂದಿನ ಸೀಟಿಗೆ ಹೋಗ್ತೀರಾ?" ಎಂದ. ಹೋದಳು. ಹಿಂದಿನ ಸೀಟು ಎಗರಿಸುತ್ತಿತ್ತು. ಪ್ರತಿ ಗುಂಡಿಗೂ ಚುಚ್ಚಿದ ಜಾಗಗಳು ಒಂದೊಂದಾಗಿ ಹಾಜರಿ ಹೇಳಿದವು. ಅಮ್ಮ ಹೋದ ಸುದ್ದಿ ಬಂದಾಗಲೂ ಹೀಗೇ ಒಂದು ಜೀಪಿನ ಹಿಂದಿನ ಸೀಟಿನಲ್ಲಿದ್ದಳು, ತೊಡೆಯ ಮೇಲೆ ಲಸಿಕೆಯ ನೀಲಿ ಡಬ್ಬ. ಕೊರೋನಾದ ಆ ವರ್ಷದ ಮೇ ತಿಂಗಳು. ಹೋಗುವಂತಿರಲಿಲ್ಲ, ನೋಡುವಂತಿರಲಿಲ್ಲ, ಸುಟ್ಟವರು ಯಾರೋ. ಡ್ರೈವರು, "ನಿಲ್ಲಿಸ್ಲಾ ಮೇಡಂ?" ಎಂದು ಕೇಳಿದ್ದಕ್ಕೆ, "ಬೇಡ, ಐಸು ಕರಗುತ್ತೆ," ಎಂದಿದ್ದಳು. ಹೊಸನಗರದಲ್ಲಿ ಇಳಿದು, ಸ್ವಪ್ನಾಗೆ ಫೋನು ಮಾಡಿ, ಒಂದು ಬನ್ನು ತಿಂದು, ಕೋಣಂದೂರಿನ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ಸು ಹತ್ತಿದಳು.

ಹಾಲುಗುಡ್ಡೆ ಕ್ರಾಸಿನಲ್ಲಿ ಸ್ವಪ್ನಾ ಸ್ಕೂಟಿ ತಂದು ಕಾಯುತ್ತಿದ್ದಳು. "ಎಂತ ಸಿಸ್ಟರ್, ಹಿಂಗೆ ಏಕಾಏಕಿ? ಮುಖಕ್ಕೆ ಎಂತ ಆಯ್ತು, ದುಂಡಗೆ?" ಎಂದು ಕೇಳಿದಳು. ಬೆಳ್ಳಪ್ಪನನ್ನು ನೋಡಬೇಕೆಂದಾಗ ಅವಳಿಗೆ ಆಶ್ಚರ್ಯವಾಗಲಿಲ್ಲ. ಕೈಗುಣದ ಸುದ್ದಿ ಕೇಳಿ ನೋಡಲು ಬಂದಿದ್ದಾರೆಂದುಕೊಂಡಳು. "ಸುಬ್ಬಪ್ಪನೋರ ಮನೆ ಮಾಡು ಬಿಚ್ತಾ ಇದಾನೆ. ಬನ್ನಿ."

ಸುಬ್ಬಪ್ಪನ ಮನೆಯ ಮಾಡು ಅರ್ಧ ಬಿಚ್ಚಿ ಹಂಚಿನಡಿಯ ಪಕಾಸಿ ಮರಗಳು ಪಕ್ಕೆಲುಬಿನ ಹಾಗೆ ಕಾಣುತ್ತಿದ್ದವು. ನೆತ್ತಿಯ ಮೇಲೆ, ಬಿಸಿಲಿನಲ್ಲಿ, ಒಂದು ಕಾಲು ಆ ಕಡೆ ಒಂದು ಕಾಲು ಈ ಕಡೆ ಹಾಕಿ ಕುದುರೆ ಸವಾರನಂತೆ ಬೆಳ್ಳಪ್ಪ ಕೂತಿದ್ದ. ಕೆಳಗೆ ಅವನ ಹೆಂಡತಿ ದುರ್ಗಮ್ಮ ಹಳೆಯ ಹಂಚುಗಳ ಪಾಚಿ ಉಜ್ಜಿ ಜೋಡಿಸುತ್ತಿದ್ದಳು. ಮನೆಯ ಯಜಮಾನ ಸುಬ್ಬಪ್ಪ ಏನೂ ಮಾಡದೆ ಎಲ್ಲವನ್ನೂ ನೋಡುತ್ತ ನಿಂತಿದ್ದ.

"ಅಯ್ಯೋ, ದೇವ್ರು ಬಂದಂಗೆ ಬಂದ್ರಲ್ಲ!" ಎಂದು ಬೆಳ್ಳಪ್ಪ ಮೇಲಿನಿಂದಲೇ ಎರಡೂ ಕೈ ಬಿಟ್ಟು ಮುಗಿದ.

"ಬೆಳ್ಳಪ್ಪ, ಸ್ವಲ್ಪ ಇಳಿದು ಬನ್ನಿ. ಒಂದು ಮಾತಿದೆ," ಎಂದಳು ಮೀನಾಕ್ಷಮ್ಮ.

"ಅಲ್ಲಿಂದ್ಲೇ ಹೇಳಿ ಸಿಸ್ಟ್ರೇ. ಇಳ್ದು ಹತ್ತೋದಂದ್ರೆ ಅರ್ಧ ಗಂಟೆ ಕೆಲ್ಸ ಹಾಳು. ಸುಬ್ಬಪ್ಪನೋರು ಮುಖ ಊದಿಸ್ಕಂತಾರೆ."

"ಎಲ್ಲರ ಮುಂದೆ ಹೇಳೋ ಮಾತಲ್ಲ."

"ಎಲ್ರೂ ಅಂದ್ರೆ ಯಾರು? ನಮ್ಮೋರೇ ಅಲ್ದಾ? ಹೇಳಿ, ಹೇಳಿ."

ಇಷ್ಟು ದೂರ ಬರುವಾಗ ಅವಳು ಕಲ್ಪಿಸಿಕೊಂಡದ್ದು ಬೇರೆ. ಒಂದು ಜಗಲಿ, ಎರಡು ಲೋಟ ಚಹಾ, ತಾನು ತಗ್ಗಿದ ದನಿಯಲ್ಲಿ ಹೇಳುವುದು, ಅವನು ಬಹಳ ಹೊತ್ತು ಸುಮ್ಮನಿರುವುದು. ತಪ್ಪೊಪ್ಪಿಗೆಯನ್ನು ಮಾಡಿನ ಮೇಲಿದ್ದವನಿಗೆ ಕೂಗಿ ಹೇಳಬೇಕಾಗುತ್ತದೆಂದು ಅವಳು ಎಣಿಸಿರಲಿಲ್ಲ. ಆದರೆ ಈಗ ಹೇಳದಿದ್ದರೆ ಚಹಾ ಕುಡಿದು ವಾಪಸು ಹೋಗಿಬಿಡುತ್ತೇನೆ ಎಂದು ಅವಳಿಗೆ ಗೊತ್ತಿತ್ತು. ಚಹಾ ಮತ್ತೆ ಚೆನ್ನಾಗಿರುತ್ತದೆ.

"ಆವತ್ತು ನಿಮಗೆ ಚುಚ್ಚಿದ ಸೂಜಿಯಲ್ಲಿ ಮದ್ದಿರಲಿಲ್ಲ!" ಎಂದಳು.

"ಎಂತ?"

"ಮದ್ದು! ಇರಲಿಲ್ಲ!"

"ಗಾಳಿ ಸಿಸ್ಟ್ರೇ, ಕೇಳ್ತಿಲ್ಲ!"

"ಖಾಲಿ!" ಎಂದು ಮೀನಾಕ್ಷಮ್ಮ ಎಷ್ಟು ಜೋರಾಗಿ ಕೂಗಿದಳೆಂದರೆ ಪಕ್ಕದ ಮನೆಯ ನಾಯಿ ಎದ್ದು ಬೊಗಳಿತು. "ಖಾಲಿ ಸೂಜಿ! ನಾನು ನಿಮಗೆ ಖಾಲಿ ಸೂಜಿ ಚುಚ್ಚಿದ್ದು! ಮದ್ದು ಟ್ರೇನಲ್ಲೇ ಉಳಿದಿತ್ತು!"

ನಾಯಿ ಸುಮ್ಮನಾಯಿತು. ಬೆಳ್ಳಪ್ಪ ಕೈಯಲ್ಲಿದ್ದ ಹಂಚನ್ನು ಮೆಲ್ಲಗೆ ಪಕ್ಕಕ್ಕಿಟ್ಟ. ಯಾರನ್ನೂ ನೋಡಲಿಲ್ಲ. ಒಳಗೆ ಯಾರೋ ಬಾಗಿಲು ತಟ್ಟಿದ್ದನ್ನು ಕೇಳಿಸಿಕೊಳ್ಳುವವನ ಹಾಗೆ ಕತ್ತು ಓರೆ ಮಾಡಿ, ಬಲಮಂಡಿಯ ಮೇಲೆ ಅಂಗೈ ಇಟ್ಟುಕೊಂಡ.

"ಬಂತು," ಎಂದ.

"ಎಂತ ಬಂತು?" ಎಂದಳು ದುರ್ಗಮ್ಮ.

"ನೋವು. ಬಂತು ಕಣೇ."

ದುರ್ಗಮ್ಮ ಕೈಯಲ್ಲಿದ್ದ ತೆಂಗಿನ ನಾರನ್ನು ನೆಲಕ್ಕೆಸೆದು ಮೀನಾಕ್ಷಮ್ಮನ ಕಡೆ ತಿರುಗಿದಳು. "ನಾಲ್ಕು ವರ್ಷ ಹೊಟ್ಟೇಲಿ ಇಟ್ಕಂಡಿದ್ರಲ್ಲ ಸಿಸ್ಟ್ರೇ, ಇನ್ನೊಂದು ಅರ್ಧ ಗಂಟೆ ಇಟ್ಕಳಕ್ಕೆ ಆಗ್ಲಿಲ್ವಾ? ಅವ್ರು ಇಳ್ದ ಮೇಲೆ ಹೇಳಿದ್ರೆ ಎಂತ ಗಂಟು ಹೋಗ್ತಿತ್ತು?"

ಬೆಳ್ಳಪ್ಪ ಆ ಕಡೆಯ ಕಾಲನ್ನು ಈ ಕಡೆಗೆ ತರಲು ನೋಡಿದ, ಆಗಲಿಲ್ಲ, "ಅಮ್ಮಾ" ಎಂದ. ಸುಬ್ಬಪ್ಪನಿಗೆ ಈಗ ಮಾತು ಬಂತು. "ಅರ್ಧ ಮಾಡು ಬಿಚ್ಚಿಟ್ಟಾಗಿದೆ ಮಾರಾಯ್ರೆ! ನಾನೀಗ ಎಂತ ಮಾಡ್ಲಿ? ಇವ್ನ ಮೇಲಿಟ್ಕಂಡು ಸಂಸಾರ ಮಾಡ್ಲಾ? ಕೋಣಂದೂರಿಂದ ಜೆಸಿಬಿ ತರಿಸೋದಾ?" ಕೂಗು ಕೇಳಿದ ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಬರತೊಡಗಿದರು. ಬಂದವರಿಗೆಲ್ಲ ಸುಬ್ಬಪ್ಪನೇ ವಿವರಿಸುತ್ತಿದ್ದ, ಪ್ರತಿ ಸಲವೂ ಮಾಡಿನಿಂದ ಶುರುಮಾಡಿ ಸೂಜಿಗೆ ಬರುತ್ತಿದ್ದ. ಮೀನಾಕ್ಷಮ್ಮ ಏಣಿಯ ನಾಲ್ಕು ಮೆಟ್ಟಿಲು ಹತ್ತಿದಳು; ಐದನೆಯದಕ್ಕೆ ಬಲಗೈ ಮೇಲೇಳಲಿಲ್ಲ. ಅಲ್ಲೇ ನಿಂತು, ನೆಲಕ್ಕೂ ಮಾಡಿಗೂ ನಡುವೆ, ಬೆಳಗ್ಗೆ ಕೇಳಿದ್ದನ್ನೆಲ್ಲ ಹೇಳಿದಳು. "ಬೆಳ್ಳಪ್ಪ, ಕೇಳಿ. ಖಾಲಿ ಸೂಜಿಗೂ ಗುಣ ಇದೆ. ಈಗ ಅದೇ ಚಿಕಿತ್ಸೆ. ಸಾಗರದಲ್ಲಿ ಬೋರ್ಡೇ ಹಾಕಿದಾರೆ. ನಾನೇ ಇವತ್ತು ಏಳು ಚುಚ್ಚಿಸಿಕೊಂಡು ಬಂದಿದೀನಿ, ಮಾಂಸಖಂಡ ಎಗರಿ ಗಂಟು ಬಿಟ್ಟುಕೊಳ್ಳುತ್ತೆ."

ಬೆಳ್ಳಪ್ಪ ನೋವಿನಲ್ಲೂ ಯೋಚಿಸಿದ. "ನಿಮಗೆ ನೋವಿರೋದು ಎಲ್ಲಿ?"

"ಹೆಗಲಲ್ಲಿ."

"ಚುಚ್ಚಿದ್ದೆಲ್ಲಿ?"

"ಹೆಗಲಿಗೆ."

"ನಂಗೆ ನೋವಿದ್ದದ್ದು ಮಂಡೀಲಿ. ನೀವು ಚುಚ್ಚಿದ್ದು ತೋಳಿಗೆ. ಲೆಕ್ಕ ಸರಿ ಬರಲ್ಲ ಸಿಸ್ಟ್ರೇ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ಒಳ್ಳೆಯ ಪಾತ್ರೆ ಕೈಜಾರಿ ಒಡೆದಾಗ ಇರುವಷ್ಟೇ ಬೇಸರವಿತ್ತು. "ಮದ್ದಿತ್ತು ಅಂದ್ಕಂಡೆ, ಹೋಯ್ತು. ಇರ್ಲಿಲ್ಲ ಅಂದ್ರೆ ಹೋಗಿದ್ದೆಂಗೆ? ಹೋಗ್ಲೇ ಇಲ್ಲ ಅಂತಾಯ್ತು. ನಾಲ್ಕು ವರ್ಷ ನಾನು ನೋವಿಟ್ಕಂಡೇ ಹತ್ತಿದೀನಿ, ನಂಗೆ ಗೊತ್ತಾಗ್ಲಿಲ್ಲ ಅಷ್ಟೆ."

ಆಗ ಸ್ವಪ್ನಾ ಏಣಿಯ ಬುಡದಿಂದ, ಆಶಾ ಕಾರ್ಯಕರ್ತೆಯ ಸಹಜ ಧಾಟಿಯಲ್ಲಿ, ರಿಜಿಸ್ಟರಿನಲ್ಲಿ ಬಿಟ್ಟುಹೋದ ಕಾಲಮ್ಮನ್ನು ಕೇಳುವ ಹಾಗೆ ಕೇಳಿದಳು. "ಅಲ್ಲ ಸಿಸ್ಟರ್. ಒಂದು ಸಿರಿಂಜು ಉಳೀತು, ಸರಿ. ನೂರ ನಲವತ್ತಮೂರು ಜನ ಇದ್ರು. ಬೆಳ್ಳಪ್ಪಂಗೇ ಖಾಲಿ ಹೋಗಿದ್ದು ಅಂತ ನಿಮ್ಗೆ ಹೆಂಗೆ ಗೊತ್ತು? ನೋಡಿದ್ರಾ?"

ಮೀನಾಕ್ಷಮ್ಮ ಬಾಯಿ ತೆರೆದಳು. ನಕ್ಕೆ, ಅದಕ್ಕೇ, ಎಂಬ ಮಾತು ನಾಲಗೆಯವರೆಗೆ ಬಂದು ನಿಂತಿತು. ಅದು ಕಾರಣವಾಗಿರಲೇ ಇಲ್ಲ. ಅಮ್ಮ ಹೋಗಿ ಎರಡು ತಿಂಗಳೂ ತುಂಬಿರಲಿಲ್ಲ, ಮುಖ ನೋಡಿರಲಿಲ್ಲ, ಅತ್ತಿರಲೂ ಇಲ್ಲ, ಐಸು ಕರಗುತ್ತದೆಂದವಳು. ಅಂಥವಳು ಆ ಸ್ಟೂಲಿನ ಮುಂದೆ ಗೊಳ್ಳೆಂದು ನಕ್ಕಿದ್ದಳು. ಸಂಜೆ ತುಂಬಿದ ಸಿರಿಂಜು ಕಂಡಾಗ ಮೊದಲು ನೆನಪಾದದ್ದು ಆ ನಗು. ತಪ್ಪು ಆಗಿದ್ದೇ ಆದರೆ ನಕ್ಕ ಹೊತ್ತಿನಲ್ಲೇ ಆಗಿರಬೇಕು, ಬೇರೆ ಯಾವಾಗ ಆಗಲು ಸಾಧ್ಯ ಎಂದು ಅವಳು ಅಲ್ಲೇ ತೀರ್ಮಾನಿಸಿಬಿಟ್ಟಿದ್ದಳು. ಕಣ್ಣಾರೆ ಏನನ್ನೂ ಕಂಡಿರಲಿಲ್ಲ. ಸಂಶಯವನ್ನು ನೂರ ನಲವತ್ತೆರಡು ಜನರಿಂದ ಕಿತ್ತು ಒಬ್ಬನ ಮೇಲೆ ಹೇರಿದ್ದಳು, ನಗಿಸಿದ ತಪ್ಪಿಗೆ.

"ನೋಡಿಲ್ಲ," ಎಂದಳು. "ಗೊತ್ತಿಲ್ಲ. ಯಾರಿಗೆ ಅಂತ ನನಗೆ ಗೊತ್ತೇ ಇಲ್ಲ."

ಮೇಲೆ ಬೆಳ್ಳಪ್ಪ ಕತ್ತು ನೆಟ್ಟಗೆ ಮಾಡಿದ. "ಹಂಗಾದ್ರೆ ನಂದ್ರಲ್ಲಿ ಮದ್ದು ಇದ್ದಿರ್ಬೋದು?"

"ಇದ್ದಿರಬಹುದು."

ಅವನು ಕಾಲನ್ನು ಹುಷಾರಾಗಿ ಚಾಚಿದ. ಮಡಚಿದ. ಇನ್ನೊಮ್ಮೆ ಚಾಚಿದ. "ಹೋಯ್ತು," ಎಂದ. ಆ ಕಡೆಯ ಕಾಲನ್ನು ಸರಾಗವಾಗಿ ಎತ್ತಿ ಈ ಕಡೆ ಹಾಕಿಕೊಂಡು, ಪಕ್ಕಕ್ಕಿಟ್ಟಿದ್ದ ಹಂಚನ್ನು ತೆಗೆದುಕೊಂಡು, ಕೆಲಸಕ್ಕೆ ತೊಡಗಿದ. ಸುಬ್ಬಪ್ಪ ನಿಟ್ಟುಸಿರು ಬಿಟ್ಟ. ಬಿಟ್ಟವನು ಅರ್ಧಕ್ಕೇ ನಿಲ್ಲಿಸಿ ತನ್ನ ಎಡತೋಳನ್ನು ಮುಟ್ಟಿ ನೋಡಿಕೊಂಡ.

"ಸಿಸ್ಟ್ರೇ, ನಂದ್ರಲ್ಲಿ ಇತ್ತಾ?"

ಅಂಗಳದಲ್ಲಿ ಅಷ್ಟು ಹೊತ್ತಿಗೆ ಮೂವತ್ತು ಮೂವತ್ತೈದು ಜನ ಸೇರಿದ್ದರು. ಎಲ್ಲರ ಬಲಗೈಯೂ ಎಡತೋಳಿನ ಮೇಲಿತ್ತು. ಒಬ್ಬನಿಗೆ ಹೋದ ವರ್ಷದಿಂದ ಅಲ್ಲೇ ಜುಮುಜುಮು ಎನ್ನುತ್ತಿದೆಯಂತೆ. ಒಬ್ಬಳಿಗೆ ಕೂದಲು ಉದುರುವುದು ಆವತ್ತಿನಿಂದಲೇ ಶುರುವಾದದ್ದಂತೆ. ಅದು ಮದ್ದಿದ್ದದ್ದಕ್ಕೋ ಇಲ್ಲದ್ದಕ್ಕೋ ತಿಳಿಯದೆ ಅವಳು ಎರಡನ್ನೂ ಕೇಳಿದಳು. ನಾನು ಹಳದಿ ಅಂಗಿ ಹಾಕಿದ್ದೆ ಸಿಸ್ಟರ್, ನೆನಪಿದ್ಯಾ? ನಾನು ಮಗು ಎತ್ಕಂಡಿದ್ದೆ. ನಾನು ಹೆದರಿ ಒಂದ್ಸ್ವಲ್ಪ ಕೂಗಿದ್ನಲ್ಲ? ಮೀನಾಕ್ಷಮ್ಮ ಏಣಿಯಿಂದ ಇಳಿದು ಅವರ ಮಧ್ಯೆ ನಿಂತಳು. ಯಾರ ಮುಖವೂ ನೆನಪಿರಲಿಲ್ಲ. ಆವತ್ತು ಎಲ್ಲರಿಗೂ ಮಾಸ್ಕಿತ್ತು. ಮೂವತ್ತೊಂದು ವರ್ಷದಲ್ಲಿ ಅವಳು ಮುಖ ನೋಡಿದ್ದೂ ಕಡಿಮೆ. ಒಬ್ಬೊಬ್ಬರಿಗೂ "ಇತ್ತು" ಎಂದು ಹೇಳಿಬಿಡುವುದು ಸುಲಭ. ನೂರ ನಲವತ್ತಮೂರು ಸಲ ಹೇಳಿದರೆ ಒಂದು ಸಲ ಮಾತ್ರ ಸುಳ್ಳಾಗುತ್ತದೆ.

"ಬರೆದುಕೊಳ್ಳಿ ಸ್ವಪ್ನಾ," ಎಂದಳು. "ನಾನೇ ಆಫೀಸಿಗೆ ಬರೆದು ಕೊಡ್ತೀನಿ. ಒಬ್ಬರಿಗೆ ಹಾಕಿಲ್ಲ, ಯಾರಿಗೆ ಅಂತ ಗೊತ್ತಿಲ್ಲ ಅಂತ."

"ಯಾಕೆ ಗೊತ್ತಿಲ್ಲ? ನಂಗೇ," ಎಂದಳು ದುರ್ಗಮ್ಮ.

ಅವಳು ಗುಂಪಿನ ಹೊರಗೆ ಹಂಚಿನ ರಾಶಿಯ ಹತ್ತಿರವೇ ಕೂತು ಮತ್ತೆ ಪಾಚಿ ಉಜ್ಜುತ್ತಿದ್ದಳು. ಎಲ್ಲರೂ ತಿರುಗಿದರು. "ಆವತ್ತು ರಾತ್ರಿ ಊರಿಗೂರೇ ಜ್ವರ ಬಂದು ಮಲಗಿತ್ತು, ಮರ್ತೋಯ್ತಾ? ಸುಬ್ಬಪ್ಪನೋರೇ, ನಿಮ್ಮ ಮನೇಲಿ ಆರೂ ಜನ ಕಂಬಳಿ ಹೊದ್ದು ನಡುಗ್ತಿದ್ರಿ. ಗಂಜಿ ತಂದ್ಕೊಟ್ಟಿದ್ದು ಯಾರು? ಎರಡು ದಿನ ಹನ್ನೆರಡು ಮನೆಗೆ ಗಂಜಿ ಬೇಯಿಸಿ ಹೊತ್ತಿದೀನಿ. ಈ ಮೇಲಿರೋ ಮನುಷ್ಯ ಮೂರು ದಿನ ನರಳಿದಾರೆ. ನಂಗೊಬ್ಳಿಗೆ ಮೈ ಬೆಚ್ಚಗೂ ಆಗ್ಲಿಲ್ಲ. ನಂದೇ ಖಾಲಿ. ಮತ್ತೆಂತ? ಹೋಗಿ, ಎಲ್ರೂ ಕೆಲ್ಸ ನೋಡ್ಕಳಿ."

ಜನರ ಕೈಗಳು ತೋಳಿನಿಂದ ಒಂದೊಂದಾಗಿ ಕೆಳಗಿಳಿದವು. ಹೌದಲ್ಲ, ದುರ್ಗಮ್ಮನಿಗೆ ಜ್ವರ ಬಂದಿರಲಿಲ್ಲ, ಎಂದು ಯಾರೋ ಅಂದರು. ಜುಮುಜುಮು ಎನ್ನುತ್ತಿದ್ದವನಿಗೆ ಅದು ನಿಂತಿತಂತೆ. ಸುಬ್ಬಪ್ಪ ಪೂರಾ ನಿಟ್ಟುಸಿರು ಬಿಟ್ಟು ಎಲೆಯಡಿಕೆಯ ಚೀಲ ತೆಗೆದ. ಮೀನಾಕ್ಷಮ್ಮ ದುರ್ಗಮ್ಮನ ಪಕ್ಕದಲ್ಲಿ ಹೋಗಿ ಕುಕ್ಕರಗಾಲಿನಲ್ಲಿ ಕೂತಳು.

"ದುರ್ಗಮ್ಮ, ಜ್ವರ ಬರದಿದ್ದರೆ ಮದ್ದಿಲ್ಲ ಅಂತ ಅರ್ಥವಲ್ಲ. ಎಷ್ಟೋ ಜನಕ್ಕೆ ಬರಲಿಲ್ಲ. ನನಗೂ ಬರಲಿಲ್ಲ."

"ಗೊತ್ತು," ಎಂದಳು ದುರ್ಗಮ್ಮ ತಲೆಯೆತ್ತದೆ. "ಸ್ವಪ್ನಾ ಆಗ್ಲೇ ಹೇಳಿದ್ಲು. ಸುಮ್ನಿರಿ ಈಗ. ಯಾರಾದ್ರೂ ಒಬ್ರು ತಮ್ ಮೇಲೆ ತಗಳ್ದೆ ಇದ್ರೆ ಇವ್ರು ಮನೆಗೆ ಹೋಗ್ತಿರ್ಲಿಲ್ಲ, ನಿಮ್ಮನ್ನೂ ಬಿಡ್ತಿರ್ಲಿಲ್ಲ." ದನಿ ತಗ್ಗಿಸಿದಳು. "ಆಫೀಸಿಗೆ ಬರೀಬೇಕು ಅನ್ಸಿದ್ರೆ ನನ್ ಹೆಸ್ರು ಹಾಕಿ ಬರೀರಿ. ಹೆಸ್ರಿಲ್ದಿರೋದು ಬರೆದ್ರೆ ಮತ್ತೆ ಎಲ್ರೂ ತೋಳು ಹಿಡ್ಕಂತಾರೆ."

ಮೀನಾಕ್ಷಮ್ಮನ ಗಂಟಲಲ್ಲಿ ಏನೋ ಎಗರಿತು. ಅವಳು ಅಳಲು ಶುರುಮಾಡಿದಾಗ ದುರ್ಗಮ್ಮ ಯಾಕೆಂದು ಕೇಳಲಿಲ್ಲ, ಸಮಾಧಾನ ಹೇಳಲಿಲ್ಲ, ಒಂದು ತೆಂಗಿನ ನಾರು ಕೈಗೆ ಕೊಟ್ಟಳು. ಮೀನಾಕ್ಷಮ್ಮ ಅಮ್ಮನನ್ನು ನೆನೆಯುತ್ತ, ಎಡಗೈಯಲ್ಲಿ, ಒಂದಾದ ಮೇಲೊಂದು ಹಂಚು ಉಜ್ಜಿದಳು. ಪಾಚಿಯ ಅಡಿಯಿಂದ ಕೆಂಪು ಮೇಲೆ ಬಂದು ಸೀರೆಯ ಮಡಿಲೆಲ್ಲ ಕೆಂಪಾಯಿತು.

"ನಾಲ್ಕೂವರೆಗೆ ಬಸ್ಸು," ಎಂದಳು ದುರ್ಗಮ್ಮ. "ಊಟ ಮಾಡ್ಕಂಡೇ ಹೋಗಿ."

"ಆ ಜೋಡಿಸಿದ್ದು ಕೊಡಿ ಇತ್ಲಾಗೆ," ಎಂದು ಬೆಳ್ಳಪ್ಪ ಮೇಲಿನಿಂದ ಕೈ ಚಾಚಿದ. "ಮೆಲ್ಲಗೆ ಸಿಸ್ಟ್ರೇ. ಬೀಳಿಸ್ಬೇಡಿ. ಹಳೇ ಹಂಚು, ಇಂಥದ್ದು ಈಗ ಸಿಗಲ್ಲ."